ಸೂಟ್‌ಕೇಸಿನಲ್ಲಿ ಬಂದ ಶವರ್

ಕಳೆದ ಡಿಸೆಂಬರಿನಲ್ಲಿ ಜಯನಗರದ ಒಂದು ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಂದು ಕುಳಿತಿತ್ತು. ಇಂಗ್ಲೆಂಡಿನಲ್ಲಿ ಹನ್ನೆರಡು ವರ್ಷ ಇದ್ದು, ತಾಯಿಯ ಜೊತೆಗಿರಲು ಮರಳಿದ್ದ ಮನೆಯ ಯಜಮಾನರು ಅದನ್ನು ಸೂಟ್‌ಕೇಸಿನಲ್ಲಿ ತಂದಿದ್ದರು. ಅಲ್ಲಿಯ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಎಲೆಕ್ಟ್ರಿಕ್ ಶವರ್. ಒಂದು ಕಡೆಯಿಂದ ತಣ್ಣೀರು ಹೋಗುತ್ತದೆ, ಇನ್ನೊಂದು ಕಡೆಯಿಂದ ಬಿಸಿಯಾಗಿ ಬರುತ್ತದೆ. ನೀರು ತುಂಬಿಡುವ ಟ್ಯಾಂಕ್ ಇಲ್ಲ, ಕಾದು ಕೂರುವ ಕೆಲಸವಿಲ್ಲ. "ಗೋಡೆಗೆ ಹಾಕಿಕೊಟ್ಟರೆ ಸಾಕು ಸಾರ್" ಎಂದರು. ಪೆಟ್ಟಿಗೆಯನ್ನು ತಿರುಗಿಸಿ ಚೀಟಿ ಓದಿದೆ: 9.5 ಕಿಲೋವ್ಯಾಟ್, 240 ವೋಲ್ಟ್. ಆ ಮನೆಗೆ ಮಂಜೂರಾಗಿದ್ದ ಲೋಡ್, ಅಂದರೆ ಒಮ್ಮೆಗೆ ಎಳೆಯಬಹುದಾದ ಕರೆಂಟ್, 4 ಕಿಲೋವ್ಯಾಟ್.

ಅಷ್ಟರಲ್ಲಿ ಅಡುಗೆಮನೆಯಿಂದ ಅವರ ತಾಯಿ ಕೇಳಿದರು: "ಅದರಲ್ಲಿ ಬಕೆಟ್ ತುಂಬುತ್ತದೆಯೇನಪ್ಪಾ?" ನಾವಿಬ್ಬರೂ ನಕ್ಕೆವು. ಆಮೇಲೆ ಯೋಚಿಸಿದರೆ, ಆ ದಿನ ಆ ಮನೆಯಲ್ಲಿ ಯಾರಾದರೂ ಸರಿಯಾದ ಪ್ರಶ್ನೆ ಕೇಳಿದ್ದರೆ ಅದು ಆ ಅಜ್ಜಿಯೇ.

ಮನೆಗಳ ವಯರಿಂಗ್ ಮಾಡಿಸಿಕೊಂಡೇ ಬದುಕಿದವನು ನಾನು. ಸ್ನಾನದ ಬಿಸಿನೀರಿನ ವಿಷಯ ಬಂದರೆ ಜನ ಮೊದಲು ಕೇಳುವುದು ಕಂಪನಿಯ ಹೆಸರನ್ನು, ಆಮೇಲೆ ಬೆಲೆಯನ್ನು. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಮನೆಯಲ್ಲಿ ಬಕೆಟ್ ಸ್ನಾನವೋ, ಶವರ್ ಸ್ನಾನವೋ? ಇದಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದು ಬರೀ ಲೆಕ್ಕ.

ಆ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ನಿಮಿಷಕ್ಕೆ ಒಂದು ಲೀಟರಿನಂತೆ ಹರಿಯುವ ನೀರನ್ನು ಒಂದು ಕಿಲೋವ್ಯಾಟ್ ಸುಮಾರು 14 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡುತ್ತದೆ. ಯಾವ ಕಂಪನಿಯೂ ಈ ಅಂಕಿಯನ್ನು ಮೀರಲಾರದು, ಇದು ನೀರಿನ ಗುಣ. ಬೆಂಗಳೂರಿನ ಚಳಿಗಾಲದ ಬೆಳಿಗ್ಗೆ ನಲ್ಲಿಯ ನೀರು 20 ಡಿಗ್ರಿ ಎಂದುಕೊಳ್ಳಿ. ಮೈಗೆ ಹಿತವಾಗಲು 40 ಡಿಗ್ರಿ ಬೇಕು, ಅಂದರೆ 20 ಡಿಗ್ರಿ ಏರಬೇಕು. ಅಂಗಡಿಯವರು ಶವರ್‌ಗೂ ನಡೆಯುತ್ತದೆ ಎಂದು ಕೊಡುವ 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್ ಇಷ್ಟು ಬಿಸಿ ಮಾಡಿ ಕೊಡಬಲ್ಲದ್ದು ನಿಮಿಷಕ್ಕೆ ಎರಡು ಲೀಟರಿಗಿಂತ ತುಸು ಹೆಚ್ಚು. ಸಾಧಾರಣ ಶವರ್ ಕೇಳುವುದು ಆರೇಳು ಲೀಟರ್. ತಲೆಯ ಮೇಲೆ ಮಳೆ ಸುರಿಸುವ ಅಗಲ ತಟ್ಟೆಯ ಶವರ್ ಆದರೆ ಅದರ ದುಪ್ಪಟ್ಟು. ಹಾಗಾಗಿ ಇನ್‌ಸ್ಟಂಟ್ ಗೀಸರಿನಡಿ ನಿಂತವನಿಗೆ ಎರಡೇ ದಾರಿ: ನಲ್ಲಿಯನ್ನು ಸಣ್ಣಗೆ ತಿರುಗಿಸಿ ತೊಟ್ಟಿಕ್ಕುವ ಬಿಸಿನೀರಿಗೆ ಮೈಯೊಡ್ಡುವುದು, ಇಲ್ಲವೇ ಧಾರಾಳವಾಗಿ ಬಿಟ್ಟುಕೊಂಡು ಉಗುರುಬೆಚ್ಚಗಿನ ನೀರಿನಲ್ಲಿ ನಡುಗುವುದು.

ಅದೇ ಗೀಸರ್ 18 ಲೀಟರಿನ ಬಕೆಟ್ಟನ್ನು ಎಂಟೊಂಬತ್ತು ನಿಮಿಷದಲ್ಲಿ ತುಂಬಿಸುತ್ತದೆ. ಒಬ್ಬರೋ ಇಬ್ಬರೋ ಇರುವ, ಬಕೆಟ್ ಸ್ನಾನದ ಮನೆಗೆ ಅದಕ್ಕಿಂತ ಅಗ್ಗದ, ಜಾಗ ಕಡಿಮೆ ತಿನ್ನುವ ಗೀಸರ್ ಬೇರೆ ಇಲ್ಲ. ಅದು ಬಕೆಟ್ಟಿನ ಯಂತ್ರ. ಶವರಿಗೆ ಜೋಡಿಸಿ ಬೈದುಕೊಳ್ಳುವುದು ನಮ್ಮ ತಪ್ಪು.

ಊರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಮಂಗಳೂರಿನಲ್ಲಿ ನೀರು 27–28 ಡಿಗ್ರಿಯಲ್ಲೇ ಇದ್ದರೆ ಅದೇ ಗೀಸರ್ ಮೂರೂವರೆ ಲೀಟರ್ ಕೊಡುತ್ತದೆ. ಮಡಿಕೇರಿಯ ಜನವರಿಯಲ್ಲಿ ಎರಡು ಲೀಟರೂ ಕಷ್ಟ. ಕಲಬುರಗಿಯವರಿಗೆ ಏಪ್ರಿಲ್ ತಿಂಗಳಲ್ಲಿ ಗೀಸರಿನ ಮಾತೆತ್ತಿದರೆ ಸಿಟ್ಟೇ ಬರಬಹುದು. ಅಲ್ಲಿ ಬೇಕಿರುವುದು ತಣ್ಣೀರು, ಮಹಡಿಯ ಟ್ಯಾಂಕ್ ಆಗಲೇ ಕುದಿಯುತ್ತಿರುತ್ತದೆ.

ಹಾಗಾದರೆ ಇಂಗ್ಲೆಂಡಿನಲ್ಲಿ ಆ ಶವರ್ ಹೇಗೆ ನಡೆಯುತ್ತದೆ? ಅಲ್ಲಿ 8.5ರಿಂದ 10.5 ಕಿಲೋವ್ಯಾಟಿನವು ಸಾಮಾನ್ಯ. ಅದೊಂದಕ್ಕೇ ಮುಖ್ಯ ಬೋರ್ಡಿನಿಂದ ದಪ್ಪ ಕೇಬಲ್ ಬೇರೆಯಾಗಿ ಎಳೆದಿರುತ್ತಾರೆ. ನೀರು ಬೀದಿಯ ಕೊಳವೆಯಿಂದ ಒತ್ತಡದೊಂದಿಗೆ ನೇರವಾಗಿ ಬರುತ್ತದೆ. ಅಷ್ಟಿದ್ದೂ ಚಳಿಗಾಲದಲ್ಲಿ ನೀರು 10 ಡಿಗ್ರಿಗೆ ಇಳಿದಾಗ 9.5 ಕಿಲೋವ್ಯಾಟಿನ ಶವರ್ ನಾಲ್ಕೂವರೆ ಲೀಟರಿಗೆ ಕುಗ್ಗುತ್ತದೆ. ತಮಾಷೆಯೆಂದರೆ, ಅದು ಬೆಂಗಳೂರಿನಲ್ಲಿ ಹುಟ್ಟೂರಿಗಿಂತ ಚೆನ್ನಾಗಿ ಕೆಲಸ ಮಾಡೀತು. ಆದರೆ 38 ಆಂಪಿಯರ್ ಕರೆಂಟ್ ಎಲ್ಲಿಂದ ತರುವುದು? ಲೋಡ್ ಹೆಚ್ಚಿಸಿಕೊಳ್ಳಬೇಕು, ಮೀಟರಿನಿಂದ ಬಚ್ಚಲುಮನೆಯವರೆಗೆ 10 ಚದರ ಮಿಲಿಮೀಟರಿನ ವಯರ್ ಎಳೆಯಬೇಕು, ಆಮೇಲೆ ಪ್ರತಿ ತಿಂಗಳ ಬಿಲ್ಲಿನಲ್ಲಿ ಹೆಚ್ಚಿನ ನಿಗದಿತ ಶುಲ್ಕ ಕಟ್ಟಬೇಕು. ದಿನಕ್ಕೆ ಹತ್ತು ನಿಮಿಷದ ಸುಖಕ್ಕೆ!

ಅದನ್ನೂ ಸಹಿಸಿಕೊಳ್ಳಬಹುದಿತ್ತು, ನೀರಿನ ಒತ್ತಡ ಒಪ್ಪಲಿಲ್ಲ. ಇಂಥ ಯಂತ್ರದೊಳಗೆ ಒತ್ತಡ ಸಾಕಷ್ಟಿದ್ದರೆ ಮಾತ್ರ ಕರೆಂಟ್ ಹರಿಯಲು ಬಿಡುವ ಸ್ವಿಚ್ ಇರುತ್ತದೆ. ಟ್ಯಾಂಕಿನ ನೀರಿಗೂ ಶವರಿಗೂ ನಡುವಿನ ಎತ್ತರ ಹತ್ತು ಮೀಟರ್ ಇದ್ದರೆ ಹೆಚ್ಚುಕಡಿಮೆ ಒಂದು ಬಾರ್ ಒತ್ತಡ. ಅವರದು ಮೇಲಿನ ಮಹಡಿ, ಟ್ಯಾಂಕ್ ಇದ್ದದ್ದು ಮೂರು ಮೀಟರ್ ಮೇಲೆ, ಅಂದರೆ ಬಾರಿನ ಮೂರನೇ ಒಂದು ಭಾಗವೂ ಇಲ್ಲ, ಆ ಸ್ವಿಚ್ಚಿಗೆ ಅದು ಸಾಲದು. ಪ್ರೆಷರ್ ಪಂಪ್ ಹಾಕದಿದ್ದರೆ ಆ ಶವರ್ ಕಣ್ಣು ಬಿಡುತ್ತಲೇ ಇರಲಿಲ್ಲ.

ಶವರ್ ಬೇಕೇ ಬೇಕು ಎನ್ನುವವರಿಗೆ ನಮ್ಮ ಮನೆಗಳಲ್ಲಿ ಹೊಂದುವುದು ಸ್ಟೋರೇಜ್ ಗೀಸರ್, ಅಂದರೆ ಮೊದಲೇ ಕಾಯಿಸಿ ಇಟ್ಟುಕೊಳ್ಳುವುದು. ನಮ್ಮ ಅಜ್ಜಿಯಂದಿರ ತಾಮ್ರದ ಹಂಡೆ ಮಾಡುತ್ತಿದ್ದುದೂ ಅದನ್ನೇ. 60 ಡಿಗ್ರಿಗೆ ಕಾಯ್ದ ಒಂದು ಲೀಟರಿಗೆ 20 ಡಿಗ್ರಿಯ ಒಂದು ಲೀಟರ್ ಬೆರೆಸಿದರೆ 40 ಡಿಗ್ರಿಯ ಎರಡು ಲೀಟರ್. ಹಾಗಾಗಿ 15 ಲೀಟರಿನದು 30, 25 ಲೀಟರಿನದು 50 ಲೀಟರ್ ಕೊಡಬೇಕು. ಆದರೆ ಬಿಸಿನೀರು ಹೋದಂತೆ ತಣ್ಣೀರು ಒಳನುಗ್ಗುವುದರಿಂದ ಕೈಗೆ ಸಿಗುವುದು ಅದಕ್ಕಿಂತ ಸ್ವಲ್ಪ ಕಡಿಮೆ. 25 ಲೀಟರ್ ಇದ್ದರೆ ಒಬ್ಬರ ಆರೇಳು ನಿಮಿಷದ ಶವರ್ ಸ್ನಾನ ನೆಮ್ಮದಿಯಾಗಿ ಮುಗಿಯುತ್ತದೆ. 2 ಕಿಲೋವ್ಯಾಟಿನದಾದರೆ ಮತ್ತೆ ಕಾಯಲು 35 ನಿಮಿಷ. ಆ 35 ನಿಮಿಷವನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ಮನೆಯ ಜಗಳಗಳಿಗೆ ಕಾರಣವಾಗುವುದು ಅದೇ.

ಸ್ಟಾರ್ ಗುರುತಿನ ಬಗ್ಗೆ ಒಂದು ಮಾತು. ಸ್ಟೋರೇಜ್ ಗೀಸರಿನ ಮೇಲಿನ ನಕ್ಷತ್ರಗಳು ಹೇಳುವುದು, ಸುಮ್ಮನೆ ನಿಂತ ಬಿಸಿನೀರು ಒಂದು ದಿನದಲ್ಲಿ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನು ಮಾತ್ರ. ಇಡೀ ದಿನ ಹಾಕಿಯೇ ಇಡುವ ಮನೆಗೆ ಐದು ಸ್ಟಾರ್ ದೊಡ್ಡ ಲಾಭ. ಬೆಳಿಗ್ಗೆ ಅರ್ಧ ಗಂಟೆ ಹಾಕಿ ಆರಿಸುವವರಿಗೆ ಅದರಿಂದ ಅಷ್ಟೇನೂ ಉಳಿಯದು. ಕರೆಂಟ್ ತಿನ್ನುವುದು ನೀರು. ಒಂದು ಬಕೆಟ್ ಸ್ನಾನಕ್ಕೆ ಅರ್ಧ ಯೂನಿಟ್ಟಿಗಿಂತ ಕಡಿಮೆ, ಎಂಟು ನಿಮಿಷದ ಶವರಿಗೆ 1.3 ಯೂನಿಟ್. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಮೊದಲನೆಯದು 50 ಯೂನಿಟ್, ಎರಡನೆಯದು 150 ದಾಟುತ್ತದೆ. ಗೃಹಜ್ಯೋತಿಯ ಗರಿಷ್ಠ ಮಿತಿ 200 ಯೂನಿಟ್ ಎಂಬುದು ನೆನಪಿದ್ದರೆ ಒಳ್ಳೆಯದು. ಮಹಡಿಯ ಮೇಲೆ ಸೋಲಾರ್ ಇದ್ದವರು ಈ ಪ್ಯಾರಾ ಓದಿ ಮುಗುಳ್ನಗಬಹುದು.

ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಗೀಸರ್ ಬಿಚ್ಚಿದರೆ ಒಳಗೆ ಸುಣ್ಣದ ಗಣಿಯೇ ಇರುತ್ತದೆ. ಕಾಯಿಸುವ ಸುರುಳಿಯ ಮೇಲೆ ಬಿಳಿ ಪೊರೆ ಕಟ್ಟಿ, ಶಾಖ ನೀರಿಗೆ ದಾಟದೆ ಸುರುಳಿಯೇ ಸುಟ್ಟುಹೋಗುತ್ತದೆ. ನೀರು ಹೆಚ್ಚು ಕುದಿದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ, ಅದಕ್ಕೇ ಥರ್ಮೋಸ್ಟಾಟನ್ನು 75ಕ್ಕೆ ಏರಿಸದೆ 60ರ ಆಸುಪಾಸಿನಲ್ಲಿ ಇಡಿಸುತ್ತೇನೆ. ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳೊಂದು ಇರುತ್ತದೆ. ತುಕ್ಕನ್ನು ತನ್ನ ಮೇಲೆ ಎಳೆದುಕೊಂಡು ತಾನು ಕರಗಿ ಟ್ಯಾಂಕನ್ನು ಉಳಿಸುತ್ತದೆ. ಗಡಸು ನೀರಿನ ಕಡೆ ವರ್ಷಕ್ಕೊಮ್ಮೆ ಅದನ್ನು ತೆಗೆಸಿ ನೋಡಿ.

ಇನ್ನು ವಯರಿಂಗ್. ಇದರಲ್ಲಿ ನಾನು ಜಿಪುಣನಲ್ಲ, ನಿಮ್ಮನ್ನೂ ಆಗಲು ಬಿಡುವುದಿಲ್ಲ. 3 ಕಿಲೋವ್ಯಾಟ್ ಅಂದರೆ 13 ಆಂಪಿಯರ್. 16 ಆಂಪಿಯರಿನ ಪ್ಲಗ್ ಸಾಕು, ಆದರೆ ಪಿನ್ ಸಡಿಲವಾದ ಹಳೆಯ ಸಾಕೆಟ್ ಕರಗಿ ಕಪ್ಪಾಗಿರುವುದನ್ನು ಪ್ರತಿ ಚಳಿಗಾಲದಲ್ಲೂ ನೋಡುತ್ತೇನೆ. 4.5 ಕಿಲೋವ್ಯಾಟಿನದಕ್ಕೆ 20 ಆಂಪಿಯರ್ ಬೇಕು. ಅದಕ್ಕೆ ಪ್ಲಗ್ಗೇ ಸಲ್ಲದು, 4 ಚದರ ಮಿಲಿಮೀಟರಿನ ವಯರನ್ನು ಪ್ರತ್ಯೇಕ ಎಂಸಿಬಿಯಿಂದ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ನೇರವಾಗಿ ತರಬೇಕು. ಎಂಸಿಬಿ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಅದು ಕಾಯುವುದು ವಯರನ್ನು, ಮನುಷ್ಯನನ್ನಲ್ಲ. ಒದ್ದೆ ಮೈಯಲ್ಲಿ ಆಂಪಿಯರಿನ ಹತ್ತನೇ ಒಂದು ಭಾಗ ಹರಿದರೂ ಜೀವ ಹೋಗಬಹುದು, ಎಂಸಿಬಿಗೆ ಅದು ಗೊತ್ತೂ ಆಗುವುದಿಲ್ಲ. ಅದಕ್ಕೆ ಬೇಕಾದದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಜೊತೆಗೆ ಸರಿಯಾದ ಅರ್ಥಿಂಗ್. ಸ್ಟೋರೇಜ್ ಗೀಸರನ್ನಾದರೆ ಆರಿಸಿ ಸ್ನಾನಕ್ಕೆ ಇಳಿಯಬಹುದು. ಇನ್‌ಸ್ಟಂಟ್ ಮಾತ್ರ ಮೈಮೇಲೆ ನೀರು ಬೀಳುವಾಗಲೂ ಉರಿಯುತ್ತಲೇ ಇರಬೇಕು. ಅರ್ಥ್ ಇಲ್ಲದ ಮನೆಗೆ ಅದನ್ನು ಹಾಕಲು ನಾನು ಒಪ್ಪುವುದಿಲ್ಲ, ಎಷ್ಟೇ ಬೇಸರ ಮಾಡಿಕೊಂಡರೂ. ಗ್ಯಾಸ್ ಗೀಸರನ್ನು ಕಿಟಕಿಯಿಲ್ಲದ ಬಚ್ಚಲಲ್ಲಿಟ್ಟರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯನ್ನೂ ಕೊಡದೆ ಕೊಲ್ಲುತ್ತದೆ, ಆ ಕೆಲಸಕ್ಕೂ ನನ್ನನ್ನು ಕರೆಯಬೇಡಿ.

ಜಯನಗರದ ಮನೆಗೆ ಕೊನೆಗೆ 25 ಲೀಟರಿನ ಸ್ಟೋರೇಜ್ ಗೀಸರ್ ಹಾಕಿದೆವು. ಮಗನಿಗೆ ಶವರ್, ತಾಯಿಗೆ ಕೆಳಗಿನ ನಲ್ಲಿಯಿಂದ ಬಕೆಟ್. ಬಿಳಿ ಪೆಟ್ಟಿಗೆ ಅಟ್ಟ ಸೇರಿತು. ದೀಪಾವಳಿಯಲ್ಲಿ ಅಕ್ಕತಂಗಿಯರು, ಮಕ್ಕಳೆಲ್ಲ ಬಂದು ಒಟ್ಟು ಏಳು ಜನರಿಗೆ ನರಕ ಚತುರ್ದಶಿಯ ಎಣ್ಣೆಸ್ನಾನ ಆಗಬೇಕಂತೆ, ಅದೂ ಬೆಳಕು ಹರಿಯುವುದರೊಳಗೆ. ಬಕೆಟ್ ಆದರೆ ಒಂದು ಸಲ ಕಾದ ನೀರು ಇಬ್ಬರಿಗೆ ಸಾಕು ಎಂದು ಲೆಕ್ಕ ಹಾಕಿಕೊಟ್ಟಿದ್ದೇನೆ. ಮೂರೂವರೆಗೇ ಎದ್ದು ಸ್ವಿಚ್ ಹಾಕುವುದು ತಮ್ಮ ಪಾಲಿನ ಕೆಲಸ ಎಂದು ಅಜ್ಜಿ ಒಪ್ಪಿಕೊಂಡಿದ್ದಾರೆ. ಮಗನ ಸರದಿಯನ್ನು ಕೊನೆಗೆ ಹಾಕಿದ್ದಾರೆ.