ಜಮಖಾನೆಯಡಿಯ ಬೀಗದ ಕೈ: ‘ಡಯಲ್ ಎಂ ಫಾರ್ ಮರ್ಡರ್’ ಚಿತ್ರದ ಅಧ್ಯಯನ ಟಿಪ್ಪಣಿ

ಫ್ರೆಡರಿಕ್ ನಾಟ್ ಬರೆದ ನಾಟಕವೊಂದು 1952ರಲ್ಲಿ ಮೊದಲು ಬಿಬಿಸಿ ಟೆಲಿವಿಷನ್‌ನಲ್ಲಿ, ಅದೇ ವರ್ಷ ಲಂಡನ್ ಮತ್ತು ನ್ಯೂಯಾರ್ಕ್ ರಂಗಮಂದಿರಗಳಲ್ಲಿ ಪ್ರದರ್ಶನಗೊಂಡಿತು. ಆಲ್‌ಫ್ರೆಡ್ ಹಿಚ್‌ಕಾಕ್ ಅದನ್ನು 1954ರಲ್ಲಿ ತೆರೆಗೆ ತಂದಾಗ ಚಿತ್ರಕಥೆಯನ್ನು ನಾಟ್ ಅವರೇ ಬರೆದರು. ನಾಟಕವನ್ನು ಸಿನಿಮಾ ಮಾಡುವವರು ಸಾಮಾನ್ಯವಾಗಿ ಕಥೆಯನ್ನು ಬೀದಿಗೆ, ಊರಿಗೆ ಹರಡಲು ಹೊರಡುತ್ತಾರೆ. ಹಿಚ್‌ಕಾಕ್ ಹಾಗೆ ಮಾಡದೆ, ಲಂಡನ್ನಿನ ಮೇಡಾ ವೇಲ್ ಪ್ರದೇಶದ ಒಂದು ಫ್ಲ್ಯಾಟಿನ ನಡುಮನೆಯಲ್ಲೇ ಬಹುಪಾಲು ಕಥೆಯನ್ನು ಕಟ್ಟಿಹಾಕಿದರು. ಆದ್ದರಿಂದಲೇ ಆ ಕೋಣೆಯೊಳಗಿನ ಟೆಲಿಫೋನ್, ಪರದೆ, ಕತ್ತರಿ, ಕೈಚೀಲ ಇವೆಲ್ಲ ಪಾತ್ರಗಳಷ್ಟೇ ಮುಖ್ಯವಾಗುತ್ತವೆ. ಮುಂದೆ ಕಥೆಯ ಕೊನೆಯವರೆಗೂ ಚರ್ಚೆಯಿರುವುದರಿಂದ, ಚಿತ್ರ ನೋಡದವರು ಮೊದಲು ನೋಡಿ ಬರುವುದು ಒಳ್ಳೆಯದು.

ಟೋನಿ ವೆಂಡಿಸ್ ಮಾಜಿ ಟೆನ್ನಿಸ್ ಆಟಗಾರ. ರೇ ಮಿಲ್ಯಾಂಡ್ ಅವನನ್ನು ಎಲ್ಲಿಯೂ ಸಿಟ್ಟಾಗದ, ನಯವಾದ ಮನುಷ್ಯನಾಗಿ ಅಭಿನಯಿಸಿದ್ದಾರೆ. ಹೆಂಡತಿ ಮಾರ್ಗೊಳ (ಗ್ರೇಸ್ ಕೆಲ್ಲಿ) ಹಣ ಅವನಿಗೆ ಬೇಕು, ಅವಳು ಮಾರ್ಕ್ ಎಂಬ ಅಮೆರಿಕನ್ ಪತ್ತೇದಾರಿ ಲೇಖಕನನ್ನು ಪ್ರೀತಿಸಿದ್ದೂ ಅವನಿಗೆ ಗೊತ್ತು. ಕಾಲೇಜಿನ ಹಳೆಯ ಪರಿಚಯದ ಸ್ವಾನ್ ಎಂಬ ವಂಚಕನನ್ನು ಮನೆಗೆ ಕರೆಸಿ, ಸಾವಿರ ಪೌಂಡ್ ಆಸೆ ತೋರಿಸಿ, ಒಪ್ಪದಿದ್ದರೆ ಸಿಕ್ಕಿಬೀಳುವ ಬೆದರಿಕೆಯನ್ನೂ ಒಡ್ಡಿ ಕೊಲೆಗೆ ಒಪ್ಪಿಸುತ್ತಾನೆ. ಟೋನಿ ಯೋಜನೆಯನ್ನು ಹೆಜ್ಜೆಹೆಜ್ಜೆಯಾಗಿ ವಿವರಿಸುವಾಗ ಕ್ಯಾಮೆರಾ ಚಾವಣಿಗೇರಿ ಕೆಳಗೆ ನೋಡುತ್ತದೆ. ಕೋಣೆ ನಕ್ಷೆಯಂತೆ, ಮನುಷ್ಯರು ಚದುರಂಗದ ಕಾಯಿಗಳಂತೆ ಕಾಣುವ ಈ ಚಿತ್ರಿಕೆಯಲ್ಲಿ ನಾವೂ ಆ ಯೋಜನೆಯನ್ನು ಬಾಯಿಪಾಠ ಮಾಡಿಕೊಂಡುಬಿಡುತ್ತೇವೆ.

ಹೀಗೆ ಕಲಿತ ಪಾಠದ ಫಲ ಕೊಲೆಯ ರಾತ್ರಿ ಗೊತ್ತಾಗುತ್ತದೆ. ಹನ್ನೊಂದು ಗಂಟೆಗೆ ಟೋನಿ ಕ್ಲಬ್ಬಿನಿಂದ ಮನೆಗೆ ಫೋನ್ ಮಾಡಬೇಕು, ಮಾರ್ಗೊ ಎದ್ದು ಬಂದು ಫೋನ್ ಎತ್ತಬೇಕು, ಪರದೆಯ ಹಿಂದೆ ನಿಂತ ಸ್ವಾನ್ ಆಗ ಕೈಮಾಡಬೇಕು. ಆದರೆ ಟೋನಿಯ ಕೈಗಡಿಯಾರ ನಿಂತುಹೋಗಿರುತ್ತದೆ. ಅದು ತಿಳಿದು ಓಡಿದರೆ ಫೋನಿನ ಗೂಡಿನಲ್ಲಿ ಬೇರೊಬ್ಬ ಮಾತನಾಡುತ್ತಿರುತ್ತಾನೆ. ಇತ್ತ ಸ್ವಾನ್ ಕಾದು ಬೇಸತ್ತು ಹೊರಡಲು ಸಿದ್ಧನಾಗುತ್ತಾನೆ. ಈ ಕ್ಷಣದಲ್ಲಿ ನಮ್ಮ ಮನಸ್ಸು ಯಾರ ಕಡೆಗಿದೆ ಎಂದು ಪ್ರಾಮಾಣಿಕವಾಗಿ ಗಮನಿಸಿಕೊಳ್ಳಬೇಕು. ನಾನಂತೂ, ಒಬ್ಬ ನಿರಪರಾಧಿ ಹೆಂಗಸಿನ ಪ್ರಾಣ ಹೋಗಲಿದೆ ಎಂದು ಗೊತ್ತಿದ್ದೂ, ಆ ಫೋನ್ ಬೇಗ ಬಿಡುವಾಗಲಿ ಎಂದು ಚಡಪಡಿಸಿದ್ದೆ. ಪ್ರೇಕ್ಷಕರನ್ನು ಕೊಲೆಗಾರನ ಪಾಲುದಾರರನ್ನಾಗಿ ಮಾಡುವ ಈ ಕೌಶಲವನ್ನೇ ಚಿತ್ರದ ಅತಿ ದೊಡ್ಡ ಸಾಧನೆಯೆಂದು ನಾನು ಎಣಿಸುತ್ತೇನೆ. ಅಂದಹಾಗೆ, ಇದು ತ್ರೀಡಿಯಲ್ಲಿ ಚಿತ್ರೀಕರಣಗೊಂಡ ಸಿನಿಮಾ. ಬೆರಳು ಡಯಲ್ ತಿರುಗಿಸುವ ಸಮೀಪದ ನೋಟಕ್ಕಾಗಿ ದೈತ್ಯಗಾತ್ರದ ಡಯಲನ್ನೂ ಬೆರಳನ್ನೂ ಮಾಡಿಸಿದ್ದರು.

ಕತ್ತರಿಯ ವಿಚಾರ ಇನ್ನೂ ಸೊಗಸಾಗಿದೆ. ಅಂದು ರಾತ್ರಿ ಸಿನಿಮಾಕ್ಕೆ ಹೋಗಬೇಕೆಂದಿದ್ದ ಮಾರ್ಗೊಳನ್ನು ಮನೆಯಲ್ಲೇ ಉಳಿಸಲು ಟೋನಿ ತನ್ನ ಟೆನ್ನಿಸ್ ದಿನಗಳ ಪತ್ರಿಕಾ ತುಣುಕುಗಳನ್ನು ಕತ್ತರಿಸಿ ಅಂಟಿಸುವ ಕೆಲಸ ಹಚ್ಚುತ್ತಾನೆ. ಆ ಕೆಲಸಕ್ಕೆಂದು ಹೊರಬಂದ ಕತ್ತರಿಯೇ ಕುತ್ತಿಗೆ ಬಿಗಿಸಿಕೊಂಡ ಮಾರ್ಗೊಳ ಕೈಗೆ ಸಿಕ್ಕಿ, ಸ್ವಾನ್‌ನ ಬೆನ್ನಿಗೆ ಇಳಿಯುತ್ತದೆ. ಟೋನಿ ಎದೆಗುಂದದೆ, ಸ್ವಾನ್ ಅವಳನ್ನು ಬ್ಲ್ಯಾಕ್‌ಮೇಲ್ ಮಾಡುತ್ತಿದ್ದನೆಂದೂ ಅದಕ್ಕಾಗಿ ಅವಳು ಅವನನ್ನು ಕೊಂದಳೆಂದೂ ತೋರುವಂತೆ ಸಾಕ್ಷ್ಯ ಜೋಡಿಸುತ್ತಾನೆ. ವಿಚಾರಣೆಯನ್ನು ಹಿಚ್‌ಕಾಕ್ ನ್ಯಾಯಾಲಯವನ್ನೇ ತೋರಿಸದೆ, ಬಣ್ಣ ಬದಲಾಗುವ ಹಿನ್ನೆಲೆಯ ಮುಂದೆ ಮಾರ್ಗೊಳ ಮುಖವೊಂದರಲ್ಲೇ ಮುಗಿಸಿಬಿಡುತ್ತಾರೆ. ಆರಂಭದಲ್ಲಿ ಕಣ್ಣು ಕುಕ್ಕುವ ಕೆಂಪು ಉಡುಪಿನಲ್ಲಿದ್ದವಳ ಬಟ್ಟೆಯ ಬಣ್ಣ ಅಷ್ಟರಲ್ಲಿ ಮಾಸುತ್ತ ಬಂದಿರುವುದನ್ನೂ ಗಮನಿಸಬಹುದು.

ಮಾರ್ಕ್ ಚಿತ್ರದ ದುರ್ಬಲ ಪಾತ್ರವೆಂದೇ ನನ್ನ ಅಭಿಪ್ರಾಯ. ಆದರೂ ಅವನಿಗೆ ಒಂದು ಒಳ್ಳೆಯ ದೃಶ್ಯ ದಕ್ಕಿದೆ: ಮಾರ್ಗೊಳನ್ನು ಗಲ್ಲಿನಿಂದ ತಪ್ಪಿಸಲು ಟೋನಿ ಹೇಳಬಹುದಾದ ಸುಳ್ಳೊಂದನ್ನು ಅವನು ಹೆಣೆದುಕೊಂಡು ಬರುತ್ತಾನೆ, ಆ ಸುಳ್ಳು ಹೆಚ್ಚುಕಡಿಮೆ ನಡೆದ ಸತ್ಯವೇ ಆಗಿರುತ್ತದೆ.

ಇನ್ನು ಬೀಗದ ಕೈ. ಸ್ವಾನ್ ಒಳಗೆ ಬರಲೆಂದು ಟೋನಿ ಮಾರ್ಗೊಳ ಕೈಚೀಲದಿಂದ ಮನೆಯ ಬೀಗದ ಕೈ ತೆಗೆದು ಮೆಟ್ಟಿಲ ಜಮಖಾನೆಯಡಿ ಇಟ್ಟಿದ್ದ. ಸ್ವಾನ್ ಹೊರಡುವಾಗ ಮರಳಿ ಇಡುತ್ತಾನೆ ಎಂಬುದು ಟೋನಿಯ ಎಣಿಕೆ; ಸ್ವಾನ್ ಬಾಗಿಲು ತೆರೆದೊಡನೆಯೇ ಇಟ್ಟುಬಿಟ್ಟಿದ್ದ. ಆದ್ದರಿಂದ ಹೆಣದ ಜೇಬಿನಿಂದ ತೆಗೆದು ಟೋನಿ ಮಾರ್ಗೊಳ ಕೈಚೀಲಕ್ಕೆ ಹಾಕಿದ್ದು ಸ್ವಾನ್‌ನದೇ ಮನೆಯ ಬೀಗದ ಕೈ. ಇನ್ಸ್‌ಪೆಕ್ಟರ್ ಹಬರ್ಡ್ (ಜಾನ್ ವಿಲಿಯಮ್ಸ್) ಇದನ್ನು ಊಹಿಸಿ ಮೊದಲು ಮಾರ್ಗೊಳನ್ನು ಪರೀಕ್ಷಿಸುತ್ತಾರೆ. ಬೀಗ ತೆರೆಯದಿದ್ದಾಗ ಜಮಖಾನೆಯತ್ತ ನೋಡಬೇಕೆಂಬುದೇ ಅವಳಿಗೆ ಹೊಳೆಯುವುದಿಲ್ಲ, ಅವಳ ನಿರಪರಾಧಿತ್ವಕ್ಕೆ ಅದೇ ಸಾಕ್ಷಿ. ಬಳಿಕ ಟೋನಿಯ ಸರದಿ. ಕೈಚೀಲದ ಕೀಲಿ ತಿರುಗದೆ ಅವನು ಹೊರಟುಹೋಗುತ್ತಾನೆ, ದಾರಿಯಲ್ಲಿ ನಿಲ್ಲುತ್ತಾನೆ, ಯೋಚಿಸುತ್ತಾನೆ, ಹಿಂದಿರುಗುತ್ತಾನೆ. ಒಳಗೆ ಕತ್ತಲಲ್ಲಿ ಹಬರ್ಡ್, ಮಾರ್ಗೊ, ಮಾರ್ಕ್ ಮೂವರೂ ಉಸಿರು ಬಿಗಿಹಿಡಿದು ಕಾಯುತ್ತಿರುವಾಗ ಅವನ ಕೈ ನಿಧಾನವಾಗಿ ಜಮಖಾನೆಯಡಿಗೆ ಹೋಗುತ್ತದೆ.