ಪದ ಪರಿಚಯ: ಕಾಲ ಸಮೀಕರಣ

ನೆರಳು ಗಡಿಯಾರ ತೋರಿಸುವ ಹೊತ್ತಿಗೂ ಒಂದೇ ವೇಗದಲ್ಲಿ ಓಡುವ ಗಡಿಯಾರದ ಹೊತ್ತಿಗೂ ಇರುವ, ದಿನದಿನಕ್ಕೆ ಬದಲಾಗುವ ಅಂತರವೇ ಕಾಲ ಸಮೀಕರಣ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ. ಜನವರಿ ಮೊದಲ ವಾರ ಅದರ ಓಟ ಜೋರು. ಅಕ್ಷವೂ 23.4 ಡಿಗ್ರಿ ವಾಲಿದೆ. ಹಾಗಾಗಿ ಇವತ್ತಿನ ನಡು ಮಧ್ಯಾಹ್ನದಿಂದ ನಾಳೆಯದಕ್ಕೆ ಕರಾರುವಾಕ್ಕಾಗಿ 24 ಗಂಟೆ ಆಗುವುದು ಅಪರೂಪ. ದಿನಕ್ಕೆ ಹೆಚ್ಚೆಂದರೆ ಅರ್ಧ ನಿಮಿಷದ ಏರುಪೇರು, ಆದರೆ ಅದು ಕೂಡುತ್ತಾ ಹೋಗುತ್ತದೆ. ಫೆಬ್ರವರಿ 11ರ ಹೊತ್ತಿಗೆ ನೆರಳು 14 ನಿಮಿಷ ಹಿಂದೆ, ನವೆಂಬರ್ 3ರ ಹೊತ್ತಿಗೆ 16 ನಿಮಿಷ ಮುಂದೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಆಸುಪಾಸಿನಲ್ಲಿ ಅಂತರ ಸೊನ್ನೆ.

ದಾವಣಗೆರೆಯಲ್ಲಿ ಇದೊಂದೇ ಲೆಕ್ಕ ಸಾಲದು. ನಮ್ಮ ಕೈಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತಿನಲ್ಲಿ, ಊರಿರುವುದು 75.9ರಲ್ಲಿ. ಡಿಗ್ರಿಗೆ 4 ನಿಮಿಷದಂತೆ 26 ನಿಮಿಷ ಕೂಡಿಸಬೇಕು. ಚಿತ್ರದುರ್ಗ ತುಸು ಪೂರ್ವಕ್ಕಿದೆ, ಅಲ್ಲಿಗೆ 24 ಸಾಕು. ಇದು ವರ್ಷವಿಡೀ ಬದಲಾಗದು.

ದಾವಣಗೆರೆಯಲ್ಲಿ ನೆರಳು 10:20 ತೋರಿಸುತ್ತಿದೆ ಎನ್ನಿ. ನವೆಂಬರ್ 3 ಆದರೆ 26 ಕೂಡಿಸಿ 16 ಕಳೆಯಿರಿ: 10:30. ಫೆಬ್ರವರಿ 11 ಆದರೆ 26ರ ಮೇಲೆ ಇನ್ನೂ 14 ಕೂಡಿಸಿ: 11 ಗಂಟೆ. ಅದೇ ನೆರಳು, ಅರ್ಧ ಗಂಟೆಯ ವ್ಯತ್ಯಾಸ!

ಎಡವಟ್ಟಾಗುವುದು ಹೆಚ್ಚಾಗಿ ಕೂಡು-ಕಳೆ ಚಿಹ್ನೆಯಲ್ಲಿ. ಕೆಲವು ಕೋಷ್ಟಕಗಳಲ್ಲಿ ನವೆಂಬರಿಗೆ ಪ್ಲಸ್ ಇರುತ್ತದೆ, ಕೆಲವದರಲ್ಲಿ ಮೈನಸ್. ಯಾವುದೇ ಇರಲಿ, ನವೆಂಬರಿನಲ್ಲಿ ಕಳೆಯಬೇಕು ಎಂಬುದನ್ನು ಹಿಡಿದುಕೊಂಡರೆ ಉಳಿದ ತಿಂಗಳುಗಳು ತಾವೇ ಸರಿಹೋಗುತ್ತವೆ. ಇನ್ನೊಂದು: ಕೆಲವರು ಅಂಕಿ ಬರೆಯುವಾಗಲೇ ರೇಖಾಂಶದ ನಿಮಿಷ ಸೇರಿಸಿಬಿಟ್ಟಿರುತ್ತಾರೆ. ನೇರ ಉತ್ತರಕ್ಕಿರುವ ಗೆರೆಯ ಮೇಲೆ 12 ಇದೆಯೋ, 12:26 ಇದೆಯೋ ನೋಡಿ. ಎರಡನೆಯದಾದರೆ ಮತ್ತೆ ಕೂಡಿಸಬೇಡಿ.

ದೊಡ್ಡ ಗಡಿಯಾರದಲ್ಲಿ ನೆರಳಿನ ಅಂಚು ಮಸುಕು. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ನೆರಳು ಬೀಳಿಸುವ ಗೋಡೆ ಅಥವಾ ಕಡ್ಡಿಯ ಅಂಚಿನಿಂದ ಒಂದು ಮೀಟರ್ ದೂರದಲ್ಲಿ ಮಸುಕು ಪಟ್ಟಿ ಸುಮಾರು 9 ಮಿಲಿಮೀಟರ್ ಹರಡುತ್ತದೆ. ಕಪ್ಪು ಮುಗಿಯುವ ಕಡೆಯಲ್ಲ, ಪಟ್ಟಿಯ ನಡುವೆ ಓದಬೇಕು.

ಹೊಸದಾಗಿ ಕಟ್ಟಿಸುವವರಿಗೆ ಒಂದು ಮಾತು. ನೆಲದ ಮೇಲೆ ಚಪ್ಪಟೆಯಾಗಿ ಗೆರೆ ಎಳೆಯುವ ಮಾದರಿ ನಮ್ಮ 14.5 ಡಿಗ್ರಿ ಅಕ್ಷಾಂಶಕ್ಕೆ ಹೊಂದುವುದಿಲ್ಲ. 12ರಿಂದ 1ರ ನಡುವೆ 4 ಡಿಗ್ರಿಯೂ ಸಿಗದು, 5ರಿಂದ 6ಕ್ಕೆ 47 ಡಿಗ್ರಿ! ಜೈಪುರದ ಜಂತರ್ ಮಂತರ್‌ನಲ್ಲಿರುವ ದೊಡ್ಡ ನೆರಳು ಗಡಿಯಾರ ಸಾಮ್ರಾಟ್ ಯಂತ್ರದ ಹಾಗೆ ಇಳಿಜಾರು ಗೋಡೆ, ಪಕ್ಕದಲ್ಲಿ ಕಮಾನು ಇದ್ದರೆ ಗಂಟೆಗೆ ಸಮನಾಗಿ 15 ಡಿಗ್ರಿ ಸಿಗುತ್ತದೆ. ಜೈಪುರದ ರೇಖಾಂಶವೂ 75.8, ಹೆಚ್ಚುಕಡಿಮೆ ದಾವಣಗೆರೆಯದೇ. ಆದರೆ ಗೋಡೆಯ ಇಳಿಜಾರು ಊರಿನ ಅಕ್ಷಾಂಶದಷ್ಟೇ ಇರಬೇಕು, ಅಲ್ಲಿಯದು 27 ಡಿಗ್ರಿ. ಅಳತೆಯನ್ನು ಹಾಗೇ ತಂದು ಇಲ್ಲಿ ಕಟ್ಟಿದರೆ ಮಧ್ಯಾಹ್ನ ಹನ್ನೆರಡಕ್ಕೆ ಸರಿ ತೋರಿಸಿ, ಬೆಳಿಗ್ಗೆ ಸಂಜೆ ತಪ್ಪು ಹೇಳುತ್ತದೆ.