ಅಂಗಳದ ಕಣಗಿಲೆ, ಘಟ್ಟದ ಮರ ಮತ್ತು ಕೀಮೋ

ಹಾಸನದ ಕಡೆ ಮನೆಯಂಗಳದಲ್ಲಿ ತಾನಾಗಿ ಹುಟ್ಟಿ ವರ್ಷವಿಡೀ ಹೂ ಬಿಡುವ ಕಾಶಿ ಕಣಗಿಲೆಯನ್ನು ಸಕ್ಕರೆ ಕಾಯಿಲೆಗೆಂದು ಕಷಾಯ ಮಾಡಿ ಕುಡಿಯುವವರಿದ್ದಾರೆ. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಕೂಡ ಅದೇ ಆಸೆಯಿಂದ ಇದರ ಸಾರವನ್ನು ಇಲಿಗಳಿಗೆ ಚುಚ್ಚಿದರು. ಇಳಿದದ್ದು ಸಕ್ಕರೆಯಲ್ಲ, ಬಿಳಿ ರಕ್ತಕಣ! ವಿನ್‌ಬ್ಲಾಸ್ಟಿನ್ ಎಂಬ ಕೀಮೋ ಮದ್ದು, ಅಂದರೆ ಕ್ಯಾನ್ಸರ್ ಕೋಶ ಕೊಲ್ಲುವ ಮದ್ದು, ಸಿಕ್ಕಿದ್ದು ಹೀಗೆ. ಅದೇ ಗಿಡದಿಂದ ಆಮೇಲೆ ವಿನ್‌ಕ್ರಿಸ್ಟಿನ್ ಬಂತು. ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕೆ.ಜಿ. ಒಣ ಎಲೆ ಬೇಕು.

ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಆಚೆ ಈಚೆ ಎಳೆಯುವುದು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಎಳೆಗಳು. ವಿನ್‌ಕ್ರಿಸ್ಟಿನ್ ಆ ಎಳೆ ಕೂಡಿಕೊಳ್ಳಲು ಬಿಡದು; ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಮದ್ದು ಕೂಡಿದ್ದನ್ನು ಬಿಚ್ಚಲು ಬಿಡದು. ಹೇಗಾದರೂ ಕೋಶ ನಡುವೆಯೇ ಸಿಕ್ಕಿಕೊಂಡು ಸಾಯುತ್ತದೆ. ಆದರೆ ನರಗಳೂ ತಮ್ಮ ಸಾಮಾನು ಸಾಗಿಸುವುದು ಇದೇ ಎಳೆಗಳ ಮೇಲೆ. ಉದ್ದದ ನರಗಳಿಗೇ ಮೊದಲ ಪೆಟ್ಟು: ಕಾಲ್ಬೆರಳಿಗೆ ಜೋಮು, ಅಂಗಿಯ ಗುಂಡಿ ಹಾಕಲು ತಡಕಾಟ, ಜೊತೆಗೆ ಮಲಬದ್ಧತೆ. ಹಾಗಾಗಿ ವಿನ್‌ಕ್ರಿಸ್ಟಿನ್ ಅನ್ನು ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿ.ಗ್ರಾಂ ದಾಟಿಸುವುದಿಲ್ಲ. ಕೊಡುವುದು ರಕ್ತನಾಳಕ್ಕೆ ಮಾತ್ರ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಜೀವಕ್ಕೇ ಸಂಚಕಾರ.

ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ ಇದೆ. ಇರಿನೊಟೆಕಾನ್ ಎಂಬ ಕೀಮೋ ಮದ್ದು ಅದರದೇ ಮಾರ್ಪಾಡು. ಡಿಎನ್‌ಎ ತೆಂಗಿನ ನಾರಿನ ಹಗ್ಗದಂತೆ ಹುರಿಗೊಂಡಿರುತ್ತದೆ. ನಕಲಿಗೆಂದು ಎಳೆ ಬಿಡಿಸುತ್ತ ಹೋದರೆ ಮುಂದಿನ ಹುರಿ ಬಿಗಿಯುತ್ತದೆ, ಅರಸೀಕೆರೆಯಲ್ಲಿ ಹಗ್ಗ ಹೊಸೆದವರನ್ನು ಕೇಳಿ. ಟೊಪೊಐಸೊಮರೇಸ್ ಎಂಬ ಕಿಣ್ವ ಒಂದೆಳೆ ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಮದ್ದು ಬಂದು ಕೂರುವುದು ಕತ್ತರಿಸಿದ ಮೇಲೆ, ಬೆಸೆಯುವ ಮುಂಚೆ. ನಕಲು ಅಲ್ಲಿಗೆ ಬಂದು ಮುಗ್ಗರಿಸಿ ಎರಡೆಳೆಯೂ ತುಂಡಾಗುತ್ತವೆ. ಬೇಗ ಬೇಗ ಹೊಸದಾಗುವ ಕರುಳಿನ ಒಳಪದರಕ್ಕೂ ಇದೇ ಗತಿ, ಹಾಗಾಗಿ ಭೇದಿ.

ಸೈಕ್ಲೋಫಾಸ್ಫಮೈಡ್ ಎಂಬ ಮತ್ತೊಂದು ಕೀಮೋ ಮದ್ದು ಡಿಎನ್‌ಎಯ ಎರಡೆಳೆಗಳನ್ನು ಅಂಟಿಸಿಬಿಡುತ್ತದೆ. ಅದರ ಕಸ ಮೂತ್ರಕೋಶವನ್ನು ಸುಡುವುದರಿಂದ ನೀರು ಚೆನ್ನಾಗಿ ಕುಡಿಯಬೇಕು. ಮೆಥೋಟ್ರೆಕ್ಸೇಟ್ ಎಂಬ ಮದ್ದು ಫೋಲಿಕ್ ಆಮ್ಲದ ವೇಷ ಹಾಕಿ ಬಂದು ಡಿಎನ್‌ಎಗೆ ಬೇಕಾದ ಸರಕನ್ನೇ ನಿಲ್ಲಿಸುತ್ತದೆ. ಬಾಯಿ ಹುಣ್ಣಾಗುವುದು ಅದಕ್ಕೇ.

ಇವುಗಳಲ್ಲಿ ಹೆಚ್ಚಿನವು ರಕ್ತಕಣ ಹುಟ್ಟುವ ಅಸ್ಥಿಮಜ್ಜೆಯನ್ನೂ ತಟ್ಟುತ್ತವೆ. ಕೀಮೋ ಆಗಿ 7ರಿಂದ 14 ದಿನಗಳ ನಡುವೆ ಸೋಂಕಿನೊಂದಿಗೆ ಹೋರಾಡುವ ಬಿಳಿಕಣ ಸಾಮಾನ್ಯವಾಗಿ ತಳಕ್ಕಿಳಿದಿರುತ್ತದೆ. ಆಗ ಕಣಗಿಲೆ ಕಷಾಯ ಬೇಡವೇ ಬೇಡ, ಅದರಲ್ಲಿ ಎಷ್ಟು ಮದ್ದಿದೆಯೆಂದು ಅಳೆಯಲಾಗದು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಜ್ವರದ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೂಡಿಗೆರೆಯಾಚೆಯ ತೋಟದ ಮನೆಯವರು ಆ ವಾರಕ್ಕೆ ಗಾಡಿಯನ್ನೂ ಡ್ರೈವರನ್ನೂ ಮೊದಲೇ ಗೊತ್ತುಮಾಡಿಟ್ಟುಕೊಳ್ಳಬೇಕು, ಮಳೆಗಾಲದಲ್ಲಂತೂ.